ಕೈಕಟ್ಟು ಟೀಚರ್

ವಿಶೇಷ ಮಕ್ಕಳಿಗೆ ಮನೆಮನೆಗೆ ಹೋಗಿ ಕಲಿಸುವ ಆ ಟೀಚರಿಗೆ ತಾಯಂದಿರು ಇಟ್ಟ ಹೆಸರು ‘ಕೈಕಟ್ಟು ಟೀಚರ್’. ಮಗು ಏನಾದರೂ ಮಾಡಲು ಹೊರಟರೆ ಮನೆಯವರು ಕೈಕಟ್ಟಿ ಕೂತು ಮನಸ್ಸಿನಲ್ಲೇ ಇಪ್ಪತ್ತು ಎಣಿಸಬೇಕು, ಅಲ್ಲಿಯವರೆಗೆ ಮುಟ್ಟುವಂತಿಲ್ಲ. ಮುಟ್ಟಿದರೋ, ಟೀಚರ್ ಬಾಯಿಗೆ ಬಿದ್ದ ಹಾಗೆಯೇ.

ಮೂರನೇ ಮಹಡಿಯ ಏಳು ವರ್ಷದ ಹುಡುಗಿಯ ಬೆರಳುಗಳು ಅವಳು ಹೇಳಿದ ಮಾತು ಕೇಳುತ್ತಿರಲಿಲ್ಲ. ಹೆತ್ತ ಕರುಳು ಸುಮ್ಮನಿರಬೇಕಲ್ಲ? ಮೊದಲ ದಿನ ಅವಳ ತಾಯಿ ಐದು ಎಣಿಸುವುದರೊಳಗೆ ತಾನೇ ಶೂ ಹಾಕಿಬಿಟ್ಟಳು. ಬೈಸಿಕೊಂಡು, “ನಿಮ್ದು ಕಲ್ಲು ಮನಸ್ಸು” ಎಂದು ಅತ್ತಳು.

ಎಂಟು ತಿಂಗಳ ಮೇಲೆ ಒಂದು ಬೆಳಿಗ್ಗೆ ಟೀಚರ್ ಬಂದಾಗ ಹುಡುಗಿ ಬಾಗಿಲ ಬಳಿ ಕೂತು ಶೂವಿನ ಅಂಟುಪಟ್ಟಿಯೊಂದಿಗೆ ಗುದ್ದಾಡುತ್ತಿದ್ದಳು. ಪಟ್ಟಿ ಮೂರು ಸಲ ಜಾರಿತು. ಅವಳ ತುಟಿ ನಡುಗಿದ್ದು ಕಂಡು ಟೀಚರಿಗೇ ತಡೆಯಲಾಗಲಿಲ್ಲ. ಕೈ ತಾನಾಗಿ ಮುಂದೆ ಹೋಯಿತು. ತಾಯಿ ಅದನ್ನು ಗಬಕ್ಕನೆ ಹಿಡಿದಳು.

“ಕೈ ಕಟ್ಕೊಳ್ಳಿ ಟೀಚರ್. ನಾನಿನ್ನೂ ಹದಿನಾಲ್ಕರಲ್ಲಿದ್ದೀನಿ.”

ಹದಿನೇಳಕ್ಕೆ ಪಟ್ಟಿ ಅಂಟಿತು. ಹುಡುಗಿ ತಲೆಯೆತ್ತಿ ನೋಡಿದರೆ ಇಬ್ಬರು ಹೆಂಗಸರೂ ಕೈಕಟ್ಟಿಕೊಂಡೇ ಅಳುತ್ತಿದ್ದರು.

“ಇನ್ನೊಂದು ಕಾಲಿದೆ,” ಎಂದಳು ಹುಡುಗಿ. “ಮತ್ತೆ ಒಂದರಿಂದ ಎಣಿಸಿ.”