ಹೊಳನಗದ್ದೆಯ ನಾಲ್ಕು ಮನೆಗಳು

ಫೆಬ್ರವರಿಯ ಒಂದು ಶನಿವಾರ ರಜೆ ಹಾಕಿ, ಬೆಳಿಗ್ಗೆ ಒಂಬತ್ತೂವರೆಗೆ ಭಟ್ಕಳದಲ್ಲಿ ಕುಮಟೆಯ ಬಸ್ಸು ಹತ್ತಿದೆ. ಆಧಾರ್ ಕಾರ್ಡು ತೋರಿಸಿದ್ದಕ್ಕೆ ಕಂಡಕ್ಟರು ಶೂನ್ಯ ದರದ ಟಿಕೆಟ್ ಹರಿದು ಕೊಟ್ಟರು.

ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ನಮ್ಮಲ್ಲಿ ಕೆಲವು ಮಕ್ಕಳು ಕೊನೆಯ ಗಂಟೆ ಬಾರಿಸಿದರೂ ಮನೆಗೆ ಹೊರಡುವುದಿಲ್ಲ. ಕೇಳಿದರೆ ಬಾಯಿ ಬಿಡುವುದಿಲ್ಲ. ಮನೆಯಲ್ಲಿ ಕುಡಿತವೋ ಹೊಡೆತವೋ ಸಾವೋ ಎಂಬುದು ಊರಿಗೆಲ್ಲ ಗೊತ್ತಿರುತ್ತದೆ, ಯಾರೂ ಮಾತಾಡುವುದಿಲ್ಲ. ಇಂಥ ಮಕ್ಕಳು ಹೇಳದೆ ಕೇಳದೆ ಬಂದು ಕೂರಲೆಂದು ತಮ್ಮೂರಿನ ನಾಲ್ಕು ಮನೆಗಳು ಒಪ್ಪಿಕೊಂಡಿವೆ ಎಂದು ಹೊಳನಗದ್ದೆಯ ಅಂಗನವಾಡಿ ಕಾರ್ಯಕರ್ತೆ ಗಿರಿಜಕ್ಕ ತರಬೇತಿಯೊಂದರಲ್ಲಿ ಹೇಳಿದ್ದರು. ಅದು ಹೇಗೆ ನಡೆಯುತ್ತದೆಂದು ನೋಡುವ ಆಸೆ ನನಗೆ.

ಪಕ್ಕದ ಸೀಟಿನಲ್ಲಿ ಹೊನ್ನಾವರಕ್ಕೆ ಮಗಳ ಮನೆಗೆ ಹೊರಟಿದ್ದ ಭಟ್ಕಳದ ಹಿರಿಯ ಮಹಿಳೆಯೊಬ್ಬರಿದ್ದರು. ಫೋನಿನಲ್ಲಿ ಅಲ್ಲಿನ ಮುಸ್ಲಿಮರ ನವಾಯತಿ ಭಾಷೆಯಲ್ಲಿ ಮಾತು ಮುಗಿಸಿ, ನನ್ನ ಕೆಲಸ ವಿಚಾರಿಸಿದರು. ಹೇಳಿದೆ.

"ನಮ್ಮಮ್ಮ ತೀರಿದ ವರ್ಷ ನಾನು ಪಕ್ಕದ ಮನೆ ಶಾರದಕ್ಕನ ಹತ್ರವೇ ಇರ್ತಿದ್ದೆ," ಎಂದರು. "ಹಿತ್ತಿಲಿಂದ ಹಿತ್ತಿಲಿಗೆ ಹೋದ್ರೆ ಆಯ್ತು. ಈಗ ಅಲ್ಲಿ ಕಂಪೌಂಡ್ ಕಟ್ಟಿದ್ದಾರೆ."

ಶರಾವತಿ ಸೇತುವೆ ದಾಟಿ ಅವರು ಹೊನ್ನಾವರದಲ್ಲಿ ಇಳಿದರು. ಬಸ್ಸು ಹತ್ತು ನಿಮಿಷ ನಿಂತಿತು. ನಾನೂ ಇಳಿದು ಎರಡು ಬನ್ಸ್ ತಿಂದು ಚಾ ಕುಡಿದೆ. ಕುಮಟೆ ತಲುಪುವಷ್ಟರಲ್ಲಿ ಸೆಕೆ ಏರಿತ್ತು. ಅಲ್ಲಿಂದ ನಾಲ್ಕೈದು ಕಿಲೋಮೀಟರಿಗೆ ರಿಕ್ಷಾದವನು ನೂರ ಇಪ್ಪತ್ತು ರೂಪಾಯಿ ತೆಗೆದುಕೊಂಡ.

ಗಿರಿಜಕ್ಕನ ಮನೆ ಗದ್ದೆಯಂಚಿನ ಹೆಂಚಿನ ಮನೆ. ಬೋರ್ಡು ಗೀರ್ಡು ಏನೂ ಇಲ್ಲ. "ಎಂತ ನೋಡ್ತ್ರಿ ಟೀಚರ್? ಮನೆ ಅಷ್ಟೇ," ಎಂದು ನಕ್ಕರು. ಮೂರು ವರ್ಷದ ಹಿಂದೆ ಸುಷ್ಮಾ ಎಂಬ ಹುಡುಗಿ ದಿನಾ ಸಂಜೆ ಬಸ್ ಸ್ಟಾಪಿನಲ್ಲಿ ಒಬ್ಬಳೇ ಕೂರುವುದನ್ನು ಕಂಡು ಅವರು ಒಳಗೆ ಕರೆದಿದ್ದರು. ಆಮೇಲೆ ಮೂರು ಮನೆಗಳ ಹೆಂಗಸರು ಸೇರಿಕೊಂಡರು. ಅವರ ಕಟ್ಟಳೆ ಇಷ್ಟೇ: ಮೊದಲು ಊಟ ಹಾಕಬೇಕು, ಏನನ್ನೂ ಕೆದಕಿ ಕೇಳಬಾರದು, ಮಗುವಿನೆದುರು ಅಪ್ಪ ಅಮ್ಮನನ್ನು ಬಯ್ಯಬಾರದು. ಮೈಮೇಲೆ ಪೆಟ್ಟು ಕಂಡರೆ ಮಾತ್ರ ಮುಚ್ಚಿಡದೆ ಮಕ್ಕಳ ಸಹಾಯವಾಣಿಗೆ ಫೋನು.

ಮಧ್ಯಾಹ್ನ ಸುಷ್ಮಾ ಬಂದಳು. ಈಗ ಐದನೇ ತರಗತಿ. ಚೀಲ ಮೂಲೆಗಿಟ್ಟು, ತಾನೇ ತಟ್ಟೆ ತೊಳೆದುಕೊಂಡು, ಅನ್ನ ಮೀನುಸಾರು ಉಂಡು, ಲೆಕ್ಕದ ಪಟ್ಟಿಪುಸ್ತಕ ತೆರೆದಳು. ಅಷ್ಟರಲ್ಲಿ ಅಂಗಳದಲ್ಲಿ ಒಬ್ಬ ಗಂಡಸು ಬಂದು ನಿಂತ. ಹುಡುಗಿಯ ಪೆನ್ಸಿಲ್ ನಿಂತಿತು.

"ಮಾದೇವ, ಎಂತದು?" ಗಿರಿಜಕ್ಕ ಕೇಳಿದರು.

"ಮಗಳನ್ನ ಕರ್ಕಂಡ್ ಹೋಗೂಕೆ ಬಂದೆ."

"ಅವಳನ್ನೇ ಕೇಳು. ಬತ್ತೆ ಅಂದ್ರೆ ಆತು."

ಸುಷ್ಮಾ ತಲೆ ಎತ್ತಲಿಲ್ಲ. "ಆಯಿ ಬಂದ ಮೇಲೆ," ಎಂದಳು. ಅವಳ ತಾಯಿ ಕುಮಟೆಯ ಹೋಟೆಲೊಂದರಲ್ಲಿ ಪಾತ್ರೆ ತೊಳೆಯುತ್ತಾರೆ, ಬರುವುದು ಮೂರಕ್ಕೆ.

ಈಗ ಜಗಳವಾಗುತ್ತದೆಂದೇ ನಾನು ಎಣಿಸಿದೆ. ಮಾದೇವ ಮೆಟ್ಟಿಲ ಮೇಲೆ ಕೂತ. ಗಿರಿಜಕ್ಕ ನಮಗೆ ಕೊಟ್ಟ ಚಾವನ್ನೇ ಅವನಿಗೂ ಕೊಟ್ಟರು. ನಾನು ಟೀಚರೆಂದು ತಿಳಿದ ಮೇಲೆ, ನನ್ನ ಮುಖ ನೋಡದೆ ಅವನೇ ಹೇಳಿದ: "ಮೊದಲ ಸಲ ಬಂದಾಗ ಈ ಮನೆಗೆ ಕಲ್ಲು ಹೊಡೆದಿದ್ದೆ. ನಾಲ್ಕು ಮನೆ ಹೆಂಗಸರೂ ಬಂದು ಇಲ್ಲೇ ಕೂತ್ಕಂಡ್ರು. ಬೈಯ್ಲೂ ಇಲ್ಲ, ಏಳಲೂ ಇಲ್ಲ." ಮೀನುಗಾರಿಕೆ ಬೋಟಿನ ಕೆಲಸ ತಪ್ಪಿಹೋಗಿ, ಕುಡಿತ ಬಿಡಿಸುವ ಆಸ್ಪತ್ರೆಗೆ ಎರಡು ಸಲ ಹೋಗಿ ಬಂದಿದ್ದಾನೆ. ಈಗ ಕುಡಿಯದೆ ಏಳು ತಿಂಗಳು.

ಅವನು ಚಾ ಕುಡಿಯತೊಡಗಿದ. ಆಮೇಲೆ ಒಳಗಿನಿಂದ ಸುಷ್ಮಾಳ ದನಿ ಬಂತು. "ಅಪ್ಪಾ, ನಿಂಗೆ ಭಾಗಾಕಾರ ಬತ್ತದ್ಯಾ?"

ಮಾದೇವ ಗ್ಲಾಸು ಕೆಳಗಿಟ್ಟ. "ಇಲ್ಲ ಮಗಾ. ತೋರ್ಸು, ನೋಡ್ವ."

ಅವಳು ಪಟ್ಟಿ ಹಿಡಿದು ಬಂದು, ಅವನ ಪಕ್ಕದಲ್ಲಲ್ಲ, ಎರಡು ಮೆಟ್ಟಿಲು ಮೇಲೆ ಕೂತಳು. ಅಲ್ಲಿಂದಲೇ ಬೆರಳಿಟ್ಟು ವಿವರಿಸತೊಡಗಿದಳು. ಅವನು ಕತ್ತು ಹೊರಳಿಸಿ ಕೇಳುತ್ತಿದ್ದ. ನನಗೆ ಭಾಗಾಕಾರ ಚೆನ್ನಾಗಿಯೇ ಬರುತ್ತದೆ, ಆದರೂ ಬಾಯಿ ಹಾಕಲಿಲ್ಲ.

ಮೂರಕ್ಕೆ ತಾಯಿ ಬಂದಾಗ ಮೂವರೂ ಗದ್ದೆಯ ಅಂಚಿನ ಮೇಲೆ ಹೊರಟರು. ನಾನು ಗಿರಿಜಕ್ಕನನ್ನು ಕೇಳಿದೆ: "ಮತ್ತೆ ಕುಡಿದರೆ?"

"ಕುಡಿದ್ರೂ ಕುಡೀಬಹುದು ಟೀಚರ್. ಹಾಂಗಾದ್ರೆ ಇವಳು ಇಲ್ಲಿಗೆ ಬತ್ತಾಳೆ."

ಹಿಂದಿರುಗುವ ಬಸ್ಸಿನಲ್ಲಿ ನಮ್ಮ ಶಾಲೆಯ ಸುತ್ತಲಿನ ಮನೆಗಳನ್ನು ಒಂದೊಂದಾಗಿ ನೆನಪಿಸಿಕೊಂಡೆ. ಹನ್ನೊಂದು ವರ್ಷ ಆ ದಾರಿಯಲ್ಲಿ ನಡೆದಿದ್ದರೂ ಎರಡು ಮನೆ ಬಿಟ್ಟರೆ ಉಳಿದವರ ಹೆಸರೂ ನನಗೆ ಗೊತ್ತಿರಲಿಲ್ಲ. ಭಟ್ಕಳದವರೆಗೆ ಹೋಗದೆ, ಅದಕ್ಕೂ ಮೊದಲು ಸಿಗುವ ನಮ್ಮ ಶಾಲೆಯ ಸ್ಟಾಪಿನಲ್ಲೇ ಇಳಿದೆ. ಇನ್ನೂ ಬೆಳಕಿತ್ತು. ಮೊದಲ ಮನೆಯ ಅಂಗಳದಲ್ಲಿ ಒಬ್ಬರು ಒಣಗಿದ ಬಟ್ಟೆ ತೆಗೆಯುತ್ತಿದ್ದರು. ಗೇಟು ತೆರೆದು ಒಳಗೆ ಹೋಗಿ, ನನ್ನ ಹೆಸರು ಹೇಳಿದೆ.