ಮಾಸದ ಬಳ್ಳಿ

ಶಿರಂಗಾಲದ ರಂಜಿತಾ ಅಂಗಡಿಯ ಮದರಂಗಿ ಕೋನ್ ಮುಟ್ಟುವವಳಲ್ಲ. ಶುಂಠಿ ಹೊಲದ ಬದುವಿನಲ್ಲಿ ತಾನೇ ನೆಟ್ಟ ಮದರಂಗಿ ಗಿಡದ ಎಲೆ ಒಣಗಿಸಿ, ಪುಡಿ ಮಾಡಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿದು, ಟೀ ಡಿಕಾಕ್ಷನ್‌ನಲ್ಲಿ ಕಲಸಿ ಕೋನ್ ಕಟ್ಟಿಕೊಳ್ಳುತ್ತಾಳೆ. ಮದುಮಗಳ ಕೈಗೆ ಅವಳೇ ಬೇಕು ಎನ್ನುವವರು ಮಡಿಕೇರಿವರೆಗೂ ಇದ್ದಾರೆ. ಅವಳ ಹಟಕ್ಕೆ ಬೈಯುವವರೂ ಇದ್ದಾರೆ.

ಇವತ್ತು ಬೈಯುವ ಸರದಿ ಸುಂಟಿಕೊಪ್ಪದ ಮನೋರಮಾ ಟೀಚರದು. ಮಗಳು ತನ್ಮಯೀಯ ಮದುವೆ ನಾಳೆ. ರಂಜಿತಾ ನಿನ್ನೆ ಸಂಜೆ ಹಾಕಿಹೋದ ಮದರಂಗಿಯನ್ನು ಬೆಳಿಗ್ಗೆ ಉದುರಿಸಿ ನೋಡಿದರೆ ಅಂಗೈಯಲ್ಲಿ ಬರೀ ಕಿತ್ತಳೆ ಬಣ್ಣ. ಫೋನ್ ಮಾಡಿ ಅವಳನ್ನು ಮತ್ತೆ ಕರೆಸಿದರು. ಬಸ್ಸಿಳಿದು ಬಂದವಳ ಮುಂದೆ ಅಂಗಡಿಯ ಕಪ್ಪು ಕೋನ್ ಇಟ್ಟರು.

"ಇದ್ರಲ್ಲಿ ಅದರ ಮೇಲೇ ಇನ್ನೊಂದ್ಸಲ ಎಳೆದ್ಬಿಡು. ಹತ್ತೇ ನಿಮಿಷಕ್ಕೆ ಕಪ್ಪಾಗ್ತದಂತೆ. ಬೇಗ ಮಾಸಬಾರ್ದು ನೋಡು."

"ಕೈಗೆ ನೀರು ಸೋಕಿಸ್ಬೇಡಿ ಟೀಚರ್. ನಾಳೆ ಮುಹೂರ್ತದ ಹೊತ್ತಿಗೆ ತಾನಾಗೇ ಕೆಂಪಾಗ್ತದೆ."

"ಆಗದಿದ್ರೆ?"

"ಆಗ್ತದೆ. ಇದನ್ನಂತೂ ನಾನು ಹಚ್ಚಲ್ಲ."

"ಹಾಗಾದ್ರೆ ಬೇರೆಯವ್ರನ್ನ ಕರೀತೀನಿ," ಎಂದು ಟೀಚರ್ ಫೋನ್ ಕೈಗೆತ್ತಿಕೊಂಡರು.

ರಂಜಿತಾ ಎಡಗೈಯ ಬಳೆಗಳನ್ನು ಮೇಲಕ್ಕೆ ಸರಿಸಿ, ತನ್ಮಯೀಯ ಮುಂದೆ ಮಣಿಕಟ್ಟು ಚಾಚಿದಳು. ಅಲ್ಲೊಂದು ಬಳ್ಳಿಯಿತ್ತು, ಎರಡು ಎಲೆ, ಒಂದು ಮೊಗ್ಗು. ಎಲ್ಲವೂ ಸುಟ್ಟು ಉಬ್ಬಿದ ಚರ್ಮದಲ್ಲಿ.

"ನನ್ ಮದುವೇಲಿ ನಾನೇ ಹಾಕ್ಕೊಂಡಿದ್ದು, ಇಂಥದೇ ಕಪ್ಪು ಕೋನಲ್ಲಿ," ಎಂದಳು. "ಹನ್ನೊಂದು ವರ್ಷ ಆಯ್ತು. ಇನ್ನೂ ಮಾಸಿಲ್ಲ."