ಎಂಟು ತುಂಡಿನ ಕೌದಿ

ಮಗಳನ್ನು ಶಾಲೆಗೆ ಇಳಿಸಿ ಬಂದು, ಕಾಫಿ ಲೋಟ ತೊಳೆದಿಟ್ಟು, ಚಳಿ ಶುರುವಾಯಿತಲ್ಲ ಎಂದು ಮೇಲಿನ ಕ್ಲೋಸೆಟ್ ತೆಗೆದೆ. ನುಸಿಗುಳಿಗೆಯ ವಾಸನೆಯೊಂದಿಗೆ ಆ ಕೌದಿ ಕೈಗೆ ಬಂತು. ಹಳೆಯ ಸೀರೆಗಳ ಎಂಟು ತುಂಡು. ಏಳು ಮಾಸಿದ ಕೆಂಪು, ಒಂದು ಮಾತ್ರ ಹಸಿರು...

ಹೊಲಿದವರು ನಾವು ಮೊದಲಿದ್ದ ಊರು ರಿಚರ್ಡ್‌ಸನ್ನಿನಲ್ಲಿ ನಮ್ಮ ಮೇಲಿನ ಅಪಾರ್ಟ್‌ಮೆಂಟಿನಲ್ಲಿದ್ದ ಆಂಟಿ. ಧಾರವಾಡದ ಕಡೆಯವರು, ಫ್ಲೂ ವೈರಸ್ಸಿನ ಲ್ಯಾಬಿನಲ್ಲಿ ಕೆಲಸ. ಉಗುರು ಯಾವಾಗಲೂ ಗಿಡ್ಡ, ಬಳೆ ಭಾನುವಾರ ಮಾತ್ರ. ಏನು ಕೆಲಸ ಆಂಟಿ ಎಂದು ಕೇಳಿದ್ದಕ್ಕೆ ಈ ಕೌದಿಯನ್ನೇ ತೊಡೆಯ ಮೇಲೆ ಹರವಿದ್ದರು.

“ಫ್ಲೂ ವೈರಸ್ಸಿಗೂ ಹಿಂಗ ಜೀನಿನ ಎಂಟು ತುಂಡು ಇರ್ತಾವ ನೋಡ್ರಿ. ಮೊದಲ ರೋಗ ನೋಡಿ, ಅದು ಯಾವ ತುಂಡಿಂದು ಅಂತ ಹುಡುಕ್ತಿದ್ರು. ನಾವು ಉಲ್ಟಾ. ಎಂಟನ್ನೂ ಲ್ಯಾಬಿನ್ಯಾಗ ಮಾಡಿ, ಒಂದನ್ನ ಬದಲಿಸಿ, ಜೀವಕೋಶದಾಗ ಕೂಡಸ್ತೀವಿ. ವೈರಸ್ ಎದ್ದು ಬರ್ತದ. ಏನ್ ಬದಲಾತು ನೋಡಿದ್ರ ಆ ತುಂಡಿನ ಕೆಲಸ ಗೊತ್ತಾತು. ರಿವರ್ಸ್ ಜೆನೆಟಿಕ್ಸ್ ಅಂತಾರ್ರಿ. ಕೇಡು ಮಾಡೋ ಭಾಗ ತಗದು ಲಸಿಕಿಗೆ ಬೀಜನೂ ಮಾಡಬಹುದು.”

“ಅದನ್ನ ಎಲ್ಲಿ ಬೆಳೆಸ್ತೀರಿ?”

“ಕೋಳಿ ತತ್ತಿಯೊಳಗ,” ಎಂದು ನಕ್ಕರು. ಆಮೇಲೆ ಒಂದು ಕೆಂಪು ತುಂಡು ಬಿಚ್ಚಿ, ಆ ಜಾಗಕ್ಕೆ ಹೊಲಿಯಲು ನನ್ನ ಹಳೆಯ ಹಸಿರು ಸೀರೆಯದೊಂದು ಚೂರು ಕೇಳಿ ಪಡೆದರು.

ಹೆಮ್ಮೆಯಿಂದ ಇದನ್ನೆಲ್ಲ ಗೆಳತಿಯೊಬ್ಬಳಿಗೆ ಹೇಳಿದವಳು ನಾನೇ. ವರಮಹಾಲಕ್ಷ್ಮಿಯ ದಿನ ಅವಳ ಮನೆಗೆ ಆಂಟಿ ಮಡಿಯಲ್ಲಿ ಹೋಳಿಗೆ ಮಾಡಿ ತಂದರು. ಅವಳು ಆ ಡಬ್ಬಿಯನ್ನು ನೈವೇದ್ಯದ ಸಾಲಿನಿಂದ ಎತ್ತಿ ಗರಾಜಿನಲ್ಲಿಟ್ಟಳು.

“ಮೊಟ್ಟೆ ಮುಟ್ಟೋ ಕೈ, ಜೊತೆಗೆ ವೈರಸ್ ಬೇರೆ. ತಪ್ಪು ತಿಳ್ಕೋಬೇಡಿ ಆಂಟಿ.”

ಅವಳ ಫ್ರಿಜ್ಜಿನಲ್ಲೇ ಮೊಟ್ಟೆ ಹಾಕಿದ ಕೇಕಿತ್ತು, ನಾನು ನೋಡಿದ್ದೆ. ಆಂಟಿ ನನ್ನ ಕಡೆ ತಿರುಗಿದರು. ನಾನು ಕುಂಕುಮದ ಬಟ್ಟಲು ಒರೆಸುತ್ತಾ ಕುಳಿತೆ. ನಾನು ಓದಿದ ಕಾನ್ವೆಂಟಿನ ಸಿಸ್ಟರ್‌ಗಳು ದನಿ ಎತ್ತಬಾರದೆಂದು ಕಲಿಸಿದ್ದರು, ನಿಜ. ಬಾಯಿಯನ್ನೇ ತೆರೆಯಬಾರದೆಂದು ಕಲಿಸಿರಲಿಲ್ಲ.

“ಇರ್ಲಿ ಬಿಡ್ರಿ,” ಎಂದು ಡಬ್ಬಿ ಎತ್ತಿಕೊಂಡು ಹೋದರು. ಸೈಪ್ರೆಸ್‌ಗೆ ಅವರು ಶಿಫ್ಟ್ ಆಗುವ ದಿನ ಕೌದಿ ನಮ್ಮ ಬಾಗಿಲಲ್ಲಿತ್ತು, ಚೀಟಿಯೂ ಇಲ್ಲದೆ... ನಾನು ಫೋನ್ ಮಾಡಲಿಲ್ಲ. ಮುಂದೆ ಅವರು ತೀರಿಕೊಂಡು ತಿಂಗಳಾದ ಮೇಲೆ ಸುದ್ದಿ ಗ್ರೂಪಿನಲ್ಲಿ ಬಂತು. ಕೈಮುಗಿಯುವ ಚಿತ್ರ ಮೊದಲು ಹಾಕಿದವಳು ಅದೇ ಗೆಳತಿ. ಇವತ್ತಿಗೂ ಮೈ ಉರಿಯುತ್ತದೆ. ಅವಳ ಮೇಲೆ ಎಷ್ಟೋ, ನನ್ನ ಮೇಲೂ ಅಷ್ಟೇ.

ಈಗ ಕಾಪೆಲ್‌ನಲ್ಲಿ ಅವಳದೇ ನಮ್ಮ ಪಕ್ಕದ ಮನೆ. ಸಂಜೆ, ಬಿಸಿಲಿಗೆ ಹಾಕಿದ್ದ ಕೌದಿ ಮಡಿಸುತ್ತಿದ್ದೆ. ಬೇಲಿಯಾಚೆ ಅವಳು ತೋಳು ಉಜ್ಜಿಕೊಳ್ಳುತ್ತಾ ನಿಂತಳು.

“ಮನೆಯವರೆಲ್ಲ ಫ್ಲೂ ಶಾಟ್ ಹಾಕಿಸ್ಕೊಂಡ್ ಬಂದ್ವಿ ಕಣೆ. ಯಾವ ಪುಣ್ಯಾತ್ಮರು ಈ ಲಸಿಕೆ ಮಾಡಿದ್ರೋ, ಅವರ ಹೊಟ್ಟೆ ತಣ್ಣಗಿರ್ಲಿ.”